ಒಳಕಲ್ಲಿಗೆ ಹೇಳಿದ್ದು

ನಮ್ಮೂರಿನಲ್ಲಿ ಹೆಂಡತಿ ಬಸುರಿಯಾದ ಸುದ್ದಿ ಗಂಡನಿಗೆ ತಿಳಿಯುವ ರೀತಿಯೇ ಬೇರೆ. ಅವನು ಹೊರಗಿನಿಂದ ಬಂದು, ಚಪ್ಪಲಿ ಬಿಟ್ಟು, ನೀರು ಕೊಡು ಎನ್ನುತ್ತಾನೆ. ಅವಳು ರೊಟ್ಟಿ ಬಡಿಯುತ್ತಲೇ ಇರುತ್ತಾಳೆ. ಇನ್ನೊಮ್ಮೆ ಕೇಳುತ್ತಾನೆ. ಅವಳು ಏನೋ ಗುನುಗುತ್ತ ಇನ್ನೊಂದು ಹಿಟ್ಟಿನುಂಡೆ ಕೈಗೆತ್ತಿಕೊಳ್ಳುತ್ತಾಳೆ. ನಿನ್ನೆಯ ಜಗಳ ಇನ್ನೂ ಆರಿಲ್ಲವೇನೋ ಎಂದು ಅವನಿಗೆ ಮೊದಲು ಅನ್ನಿಸುತ್ತದೆ. ಆಮೇಲೆ ಸಂಶಯ ಬಂದು, ಮೂಲೆಯಲ್ಲಿದ್ದ ಕೊಡದ ಕಡೆ ತಿರುಗಿ, "ಕೊಡವ್ವಾ, ನನಗ ಭಾಳ ನೀರಡಿಕಿ ಆಗೈತಿ" ಎನ್ನುತ್ತಾನೆ. ಹೆಂಡತಿ ಥಟ್ಟನೆ ಎದ್ದು ತಂಬಿಗೆ ತುಂಬಿ ಕೊಡುತ್ತಾಳೆ. ಅಷ್ಟಾದರೆ ಸಾಕು, ಅವನು ನೀರನ್ನೂ ಕುಡಿಯದೆ ತಂಬಿಗೆ ಹಿಡಿದುಕೊಂಡೇ ತಾಯಿಯನ್ನು ಹುಡುಕಿಕೊಂಡು ಓಡುತ್ತಾನೆ. ಒಂದೆರಡು ಮನೆಗಳಲ್ಲಿ ಅದು ಬಸುರಲ್ಲ, ಬರೀ ಜಗಳವೇ ಎಂದು ಆಮೇಲೆ ಗೊತ್ತಾದದ್ದೂ ಉಂಟು. ಕೊಡಕ್ಕಾದರೂ ಮರ್ಯಾದೆಯಿಂದ ಹೇಳಿದನಲ್ಲ ಎಂದು ಹೆಂಡತಿ ಎದ್ದಿದ್ದಳಷ್ಟೆ.

ನಮ್ಮಲ್ಲಿ ಬಸುರಿಗೆ ಮುಖ ಕೊಟ್ಟು ಹೇಳಿದ ಮಾತು ಅವಳ ಕಿವಿಗೆ ಬೀಳುವುದಿಲ್ಲ. ಬೇರೆ ಯಾರಿಗೋ, ಬೇರೆ ಯಾವುದಕ್ಕೋ ಹೇಳಿದ್ದು ಮಾತ್ರ ಬೀಳುತ್ತದೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನದವರೆಗೂ ಹೀಗೇ. ಬರೆದು ಕೊಟ್ಟರೂ ಅಷ್ಟೆ, ಅವಳಿಗೆಂದು ಬರೆದದ್ದು ಅವಳ ಕಣ್ಣಿಗೆ ಬಿಳಿ ಹಾಳೆ. ಹೀಗೇಕೆ ಎಂದು ಹೊರಗಿನವರು ಕೇಳುತ್ತಾರೆ. ನಿಮ್ಮೂರಲ್ಲಿ ಮಳೆ ಮೇಲಿನಿಂದಲೇ ಏಕೆ ಬೀಳುತ್ತದೆ ಎಂದು ನಾವು ಯಾರನ್ನೂ ಕೇಳಲು ಹೋಗಿಲ್ಲ. ಶಿವನ ಇಚ್ಛೆ, ಊರಿನ ರೂಢಿ.

ಆದ್ದರಿಂದ ಮನೆ ಮನೆಗೂ ಒಂದೊಂದು ವಸ್ತು ಗೊತ್ತಾಗಿರುತ್ತದೆ. ಒಂದು ಮನೆಯಲ್ಲಿ ಕಂಬ, ಇನ್ನೊಂದರಲ್ಲಿ ಎಮ್ಮೆ, ಮತ್ತೊಂದರಲ್ಲಿ ಕಸಬರಿಗೆ. ಆದರೆ ಕಂಬದ ಕಡೆ ಸುಮ್ಮನೆ ಮುಖ ಮಾಡಿದರೆ ಸಾಲದು, ಮನಸ್ಸೂ ಕಂಬದ ಮೇಲೇ ಇರಬೇಕು. ಮಾತಿನ ನಡುವೆ ಕಣ್ಣೋ ಮನಸ್ಸೋ ಬಸುರಿಯ ಕಡೆ ಜಾರಿತೆಂದರೆ ಅಲ್ಲಿಗೆ ಮಾತು ತುಂಡು. ಬಹಳ ಪ್ರೀತಿಯಿರುವವರಿಗೆ ಈ ವಿದ್ಯೆ ಬೇಗ ಒಲಿಯುವುದಿಲ್ಲ. ಅಷ್ಟೇನೂ ಪ್ರೀತಿಯಿಲ್ಲದ ಅತ್ತೆಯಂದಿರು ಕಸಬರಿಗೆಗೆ ಬೈದದ್ದು ಮಾತ್ರ ಒಂದಕ್ಷರ ಬಿಡದೆ ಕೇಳಿಸುತ್ತದೆ.

ಈ ವಿದ್ಯೆಯಲ್ಲಿ ನನ್ನ ಹೆಂಡತಿ ನೀಲಗಂಗವ್ವನನ್ನು ಮೀರಿಸಿದವರಿರಲಿಲ್ಲ. ನಮ್ಮ ಪಡಸಾಲೆಯಲ್ಲಿ, ಅವಳ ಕೋಣೆಯ ಬಾಗಿಲಿನ ಪಕ್ಕ, ನೆಲದಲ್ಲಿ ಹೂತ ಒಂದು ಒಳಕಲ್ಲಿದೆ. ಅವಳು ಮದುವೆಯಾಗಿ ಬಂದಾಗ ಅದರಲ್ಲಿ ಖಾರ ಕುಟ್ಟುತ್ತಿದ್ದರು. ಗಿರಣಿ ಬಂದು, ಮಿಕ್ಸರ್ ಬಂದು, ಕಲ್ಲಿಗೆ ಬೇರೆ ಕೆಲಸ ಉಳಿಯಲಿಲ್ಲ. ಊರಿನ ಬಸುರಿಯರು ಹೆಪ್ಪು ಬೇಕೆಂದೋ ಜರಡಿ ಬೇಕೆಂದೋ ನೆಪ ಮಾಡಿಕೊಂಡು ಬಂದು ಹೊಸ್ತಿಲ ಹತ್ತಿರ ಕೂಡುತ್ತಿದ್ದರು. ನೀಲಗಂಗವ್ವ ಅವರಿಗೆ ಬೆನ್ನು ಮಾಡಿ, ಕಲ್ಲಿನ ಮೇಲೆ ಕೈಯಿಟ್ಟು, "ಏನವ್ವಾ, ಮುಂಜಾನೆ ಏನರ ತಿಂದೆಯೋ ಇಲ್ಲೋ? ಕಾಲು ಜಗ್ತಾವೇನು?" ಎಂದು ಕೇಳುತ್ತಿದ್ದಳು. ಹೊಸ್ತಿಲ ಹತ್ತಿರ ಕೂತವಳು ಕಲ್ಲಿನ ಪರವಾಗಿ ಉತ್ತರ ಕೊಡುತ್ತಿದ್ದಳು. ಕಲ್ಲಿಗೆ ಮುಂಜಾನೆಯಿಂದ ವಾಂತಿ ಎಂದೋ, ಕಲ್ಲಿಗೆ ತವರಿನ ನೆನಪು ಕಾಡುತ್ತಿದೆ ಎಂದೋ.

ನಾನು ಒಂದು ದಿನ ಚೇಷ್ಟೆಗೆ, "ಕಲ್ಲಿಗೂ ಹಸಿವಾಗ್ತೈತೇನು?" ಎಂದು ಕೇಳಿದ್ದೆ.

"ಅಲ್ರೀ, ದಿನಾ ಮುಂಜಾನೆ ನೀವು ಲಿಂಗದ ಮುಂದ ಎಡಿ ಹಿಡೀತೀರಲ್ಲ, ಅದು ಕಲ್ಲಲ್ಲೇನು? ನಾ ಎಂದರ ನಕ್ಕೇನೇನು?" ಎಂದಳು. ಅಂದಿನಿಂದ ನಾನು ಆ ವಿಷಯಕ್ಕೆ ಹೋಗಲಿಲ್ಲ.

ಹೋದ ಶ್ರಾವಣದಲ್ಲಿ ಅವಳು ಲಿಂಗೈಕ್ಯಳಾದಳು. ಊರವರೆಲ್ಲ ಬಂದು ನನ್ನೆದುರು ಕೂತು ಸಮಾಧಾನ ಹೇಳಿದರು. ಅವರ ತುಟಿಗಳು ಅಲ್ಲಾಡಿದ್ದು ನೆನಪಿದೆ. ಯಾರು ಏನು ಹೇಳಿದರೆಂದು ಕೇಳಿದರೆ ಹೇಳಲಾರೆ. ಮುಂಜಾನೆ ಪೂಜೆ ಮುಗಿಸಿ ಎದ್ದವನು ಒಳಕಲ್ಲಿಗೂ ಒಂದು ಬೊಟ್ಟು ವಿಭೂತಿ ಹಚ್ಚುವುದನ್ನು ರೂಢಿ ಮಾಡಿಕೊಂಡೆ. ವಿಭೂತಿಗೆ ನಮ್ಮಲ್ಲಿ ಬಡತನವಿಲ್ಲ. ಸಗಣಿ ಸುಟ್ಟು, ಸೋಸಿ, ಗಟ್ಟಿ ಕಟ್ಟಿ ಒಣಗಿಸುವುದು ನಮ್ಮ ಮನೆತನದ ಕಸುಬು. ಊರಿನಲ್ಲಿ ಹುಟ್ಟಿದ ಪ್ರತಿ ಕೂಸಿನ ಹೊಕ್ಕುಳಿಗೂ ಮೊದಲು ಬೀಳುತ್ತಿದ್ದದ್ದು ನಮ್ಮ ಮನೆಯ ವಿಭೂತಿಯೇ. ಅದು ನನಗೊಂದು ಹೆಮ್ಮೆ.

ಆ ವರ್ಷವೇ ಊರಿನ ಆರೋಗ್ಯ ಕೇಂದ್ರಕ್ಕೆ ಎಸ್ತರ್ ಎಂಬ ಹೊಸ ಸಿಸ್ಟರ್ ಬಂದರು. ದಕ್ಷಿಣದ ಕಡೆಯವರು, ಚುರುಕು ನಡಿಗೆ, ಚುರುಕು ಮಾತು. ಬಸುರಿ ಬಾಣಂತಿಯರಿಗೆಂದೇ ಮಾಡಿದ ವಿಡಿಯೊಗಳು ಅವರ ಮೊಬೈಲಿನಲ್ಲಿದ್ದವು. ಅದರಲ್ಲಿ ಬಿಳಿ ಕೋಟು ತೊಟ್ಟ ಒಬ್ಬ ಹೆಣ್ಣುಮಗಳು ನಮ್ಮನ್ನೇ ನೋಡುತ್ತ, "ತಾಯಂದಿರೇ" ಎಂದು ಶುರು ಮಾಡಿ, ಏನು ತಿನ್ನಬೇಕು, ಯಾವ ಮಾತ್ರೆ ನುಂಗಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು, ಹುಟ್ಟಿದ ಕೂಸನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹೇಳುತ್ತಿದ್ದಳು. ಸಿಸ್ಟರು ವಾರಕ್ಕೊಂದು ದಿನ ಅಂಗನವಾಡಿಯಲ್ಲಿ ಬಸುರಿಯರನ್ನು ಕೂಡಿಸಿ ಮೊಬೈಲನ್ನು ಡಬ್ಬಿಗೆ ಒರಗಿಸಿ ತೋರಿಸುತ್ತಿದ್ದರು. ಬಸುರಿಯರು ಮಿಸುಕದೆ ನೋಡುತ್ತಿದ್ದರು, ನಡುನಡುವೆ ತಲೆ ತೂಗುತ್ತಿದ್ದರು. ಇಷ್ಟು ಗಮನವಿಟ್ಟು ಕೇಳುವ ತಾಯಂದಿರನ್ನು ತಾನೆಲ್ಲೂ ಕಂಡಿಲ್ಲ ಎಂದು ಸಿಸ್ಟರು ಮೇಲಿನವರಿಗೆ ತಿಳಿಸಿದರಂತೆ.

ಕೇಳುತ್ತಿದ್ದವರು ಬೇರೆ. ಅಂಗನವಾಡಿಯ ಕಿಟಕಿಯಾಚೆ ಕಟ್ಟೆಯಿದೆ. ಅಲ್ಲಿ ಕೂತ ಗಂಡಸರ ಕಿವಿಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಸ್ವಲ್ಪ ದಿನಗಳಲ್ಲಿ ನಮ್ಮೂರ ಗಂಡಸರೆಲ್ಲ ಬಾಣಂತನದ ಪಂಡಿತರಾದರು. ಕ್ಷೌರದಂಗಡಿಯ ರಾಚಪ್ಪ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತ, "ಮೊದಲನೇ ಹಾಲು ಹಳದಿ ಇರ್ತೈತಿ ಅಂತ ಚೆಲ್ಲಬಾರದ್ರಿ, ಅದು ಕೂಸಿಗೆ ಕವಚ ಇದ್ದಂಗ" ಎಂದು ಉಪದೇಶ ಮಾಡುತ್ತಿದ್ದ. ಕಬ್ಬಿಣಾಂಶದ ಮಾತ್ರೆಯ ಮೇಲೆ ಚಹಾ ಕುಡಿಯಬಾರದು, ಲಿಂಬೆಹಣ್ಣಿನ ಪಾನಕ ಕುಡಿಯಬೇಕು ಎಂದು ಚಹಾದಂಗಡಿಯಲ್ಲೇ ವಾದ ನಡೆದು ಅಂಗಡಿಯವನ ಮನಸ್ಸು ಮುರಿಯಿತು. ಯಾರೋ ಇಬ್ಬರು ನಮಗೂ ಸುಸ್ತಿದೆ ಎಂದು ಹೆಂಡಂದಿರ ಮಾತ್ರೆ ನುಂಗಿ, ಮರುದಿನ ಮುಂಜಾನೆ ಕಂಡ ಕಪ್ಪು ಬಣ್ಣಕ್ಕೆ ಹೆದರಿ, ಸಿಸ್ಟರ ಬಾಗಿಲು ತಟ್ಟಿದರು.

ಇತ್ತ ಬಸುರಿಯರಿಗೆ ಅದು ಮೂಕ ಚಿತ್ರ. ಮೂಕ ಚಿತ್ರಕ್ಕೆ ಮಾತು ಕೂಡಿಸಿದವಳು ನನ್ನ ಮೊಮ್ಮಗಳು ದಾಕ್ಷಾಯಣಿ. ಎರಡು ಓಣಿಯಾಚೆ ಕೊಟ್ಟಿದ್ದೆವು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಸಣ್ಣವಳಿದ್ದಾಗಿನಿಂದ ನೀಲಗಂಗವ್ವನ ಸೆರಗು ಹಿಡಿದುಕೊಂಡೇ ಬೆಳೆದವಳು, ಕಥೆ ಕಟ್ಟುವುದೆಂದರೆ ಜೀವ. ಬಿಳಿ ಕೋಟಿನವಳು ಸಾಬೂನು ಹಚ್ಚಿ ಕೈ ತೊಳೆಯುವುದನ್ನು ನೋಡಿ, ಮೊಬೈಲ್ ಒರಗಿದ್ದ ಡಬ್ಬಿಗೆ, "ಪಾಪ, ಹೆಂಗ ಕೈ ಹಿಸುಕ್ಕೋತಾಳ ನೋಡ ಡಬ್ಬೀ" ಎಂದಳು. ಮಾತ್ರೆ ಎತ್ತಿ ತೋರಿಸಿದಾಗ, "ಅತ್ತಿ ಕೊಟ್ಟ ವಿಷ, ನುಂಗಬ್ಯಾಡ ಅಂತ ಹೇಳಾಕತ್ತಾಳ" ಎಂದಳು. ತಲೆ ಹಿಡಿದುಕೊಂಡು, ಕಣ್ಣುಜ್ಜಿಕೊಂಡು, ಮುಖ ಬಾತ ಚಿತ್ರ ತೋರಿಸಿದಾಗಲಂತೂ, "ಅತ್ತು ಅತ್ತು ಮಾರಿ ಬಾತೈತಿ. ಗಂಡ ಬಿಟ್ಟಾನ, ಮತ್ತೇನಲ್ಲ" ಎಂದು ತೀರ್ಪು ಕೊಟ್ಟಳು. ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ವಾರ ಒಬ್ಬೊಬ್ಬರೂ ಹಿಡಿ ಹಿಡಿ ಬೆಲ್ಲ ಕೊಬ್ಬರಿ ತಂದು, ಉಂಡೆ ಕಟ್ಟಿ, ಆ ಗಂಡ ಬಿಟ್ಟ ಹುಡುಗಿಗೆ ಮುಟ್ಟಿಸಿರೆಂದು ಸಿಸ್ಟರ ಕೈಗೆ ಡಬ್ಬಿ ಕೊಟ್ಟರು.

ಸಿಸ್ಟರಿಗೆ ಊರಿನ ರೂಢಿ ತಿಳಿದದ್ದು ಆ ಡಬ್ಬಿಯಿಂದ. ಒಂದು ದಿನ ಅತ್ತರೆಂದು ಹೇಳುತ್ತಾರೆ. ಉಂಡೆ ತಿನ್ನುತ್ತಲೇ ಅತ್ತರಂತೆ. ಮರುದಿನ ಮೊಬೈಲನ್ನು ಗೋಡೆಯ ಕಡೆ ತಿರುಗಿಸಿಟ್ಟು ನೋಡಿದರು. ಅವಳು "ತಾಯಂದಿರೇ" ಎನ್ನುವುದು ಗೋಡೆಗಲ್ಲವಲ್ಲ, ಉಪಯೋಗವಾಗಲಿಲ್ಲ. ಆಗ, ಊರಿನವರ ಕೈಯಲ್ಲೇ ಊರಿನ ರೀತಿಯಲ್ಲೇ ಹೇಳಿಸಿ ಹೊಸ ವಿಡಿಯೊ ಮಾಡುತ್ತೇನೆಂದು ಹೊರಟರು.

ಮೊದಲು ಬಂದವಳು ನನ್ನ ಸೊಸೆ, ದಾಕ್ಷಿಯ ತಾಯಿ ಕಮಲವ್ವ. ಎಮ್ಮೆಯ ಕೊರಳು ತಬ್ಬಿಕೊಂಡು ಚೆನ್ನಾಗಿಯೇ ಶುರು ಮಾಡಿದಳು. ಆದರೆ ಎರಡು ಮಾತಿಗೊಮ್ಮೆ ಕಣ್ಣು ಮಗಳ ಕಡೆ ಹೋಗಿ, ಬಸುರಿಯರಿಗೆ "ಎಮ್ಮೀ" ಎಂಬುದೊಂದೇ ಕೇಳಿಸಿತು. ಆಮೇಲೆ ದಾಕ್ಷಿಯ ಗಂಡ ಬಸಲಿಂಗ ತನ್ನ ಮೋಟರ್ ಸೈಕಲ್ಲಿನ ಮುಂದೆ ಕೂತ. "ನಿನ್ನ ಬಿಸಿಲಾಗ ಬಿಡೂದಿಲ್ಲ, ವ್ಯಾಳ್ಯಾಕ ಎಣ್ಣಿ ಹಾಕ್ತೀನಿ, ಮೈಯೆಲ್ಲಾ ಒರಸ್ತೀನಿ" ಎಂದದ್ದು ಓಣಿಯ ಬಸುರಿಯರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಹಸಿರು ಸೊಪ್ಪು ತಿನ್ನಬೇಕು ಎಂಬಲ್ಲಿಂದ ಮುಂದೆ ಏನೂ ಕೇಳಿಸಲಿಲ್ಲ. ಗಾಡಿಯ ಮೇಲೆ ಅವನಿಗಿದ್ದ ಪ್ರೀತಿ ಎಷ್ಟೆಂದು ಆವತ್ತು ಹೊರಬಿತ್ತು. ದಾಕ್ಷಿ ಅವನ ಜೊತೆ ಆ ವಾರವೆಲ್ಲ ಮಾತಾಡಲಿಲ್ಲ.

ಕೊನೆಗೆ ಸಿಸ್ಟರು ನನ್ನ ಹತ್ತಿರ ಬಂದರು. ನಾನು ಅಂಗಳದಲ್ಲಿ ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಹರವುತ್ತಿದ್ದೆ.

"ಅಜ್ಜಾರೇ, ನಿಮ್ಮ ಯಜಮಾನ್ರು ಮಾತಾಡ್ತಿದ್ದ ಕಲ್ಲು ಇದೇ ಅಂತಲ್ಲ. ನೀವು ಪಕ್ಕ ಕೂತು ನಾಲ್ಕು ಮಾತು ಹೇಳಿ. ನಾನು ವಿಡಿಯೊ ಮಾಡ್ಕೋತೀನಿ."

"ಮಾತಾಡ್ತಿದ್ದಾಕಿ ನನ್ನ ಹೇಣ್ತಿ. ಯಜಮಾನ ನಾನು" ಎಂದೆ.

"ನಮ್ಮ ಕಡೆ ಕೆಲವರು ಹೆಂಡತಿಗೂ ಹಾಗೇ ಅಂತಾರೆ ಅಜ್ಜಾರೇ. ನಿಮ್ಮನೇಲಿ ಯಾರು ಅನ್ನೋದು ನನಗೆ ಗೊತ್ತಿಲ್ಲ."

"ಅಕೀನ ಇದ್ದಳು ಬಿಡ್ರಿ" ಎಂದೆ. "ಆದರ ಬಾಣಂತನದ ಮಾತು ಗಂಡಸಿನ ಬಾಯಾಗ ಶೋಭಾ ಬರೂದಿಲ್ಲ."

"ಊರಿನ ಗಂಡಸರೆಲ್ಲ ಈಗ ಬೇರೆ ಏನು ಮಾತಾಡ್ತಿದ್ದಾರೆ ಹೇಳಿ? ಕಟಿಂಗ್ ಅಂಗಡಿಯವನು ಮೊನ್ನೆ ನನಗೇ ಪಾಠ ಮಾಡಿದ."

ನನಗೆ ನಗು ಬಂದರೂ ತಡೆದುಕೊಂಡೆ. ಅಸಲು ಸಿಟ್ಟು ಬೇರೆ ಇತ್ತು. ಕೂಸಿನ ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಶಿನ ಏನೂ ಹಚ್ಚಬಾರದೆಂದು ಆ ಬಿಳಿ ಕೋಟಿನವಳು ಹೇಳಿದ್ದನ್ನು ಚಹಾದಂಗಡಿಯವರು ನನಗೆ ಮುಟ್ಟಿಸಿದ್ದರು. "ಗುರುಪಾದಜ್ಜಾರ, ನಿಮ್ಮ ವಿಭೂತಿಗೆ ಡಾಕ್ಟರಮ್ಮ ಸೊನ್ನಿ ಹಾಕ್ಯಾಳ" ಎಂದು ಹೇಳಿ, ನನ್ನ ಮುಖ ನೋಡುವುದಕ್ಕೆಂದೇ ಅರ್ಧ ಕಪ್ಪು ಚಹಾ ಪುಕ್ಕಟೆ ಕೊಟ್ಟಿದ್ದರು.

"ನಮ್ಮ ವಿಭೂತಿ ಹಚ್ಚಬ್ಯಾಡ ಅಂತನೂ ನಾನ ಹೇಳಬೇಕೇನು?" ಎಂದು ಕೇಳಿದೆ.

ಸಿಸ್ಟರು ಒಂದು ಗಟ್ಟಿಯನ್ನು ಕೈಗೆತ್ತಿಕೊಂಡರು. "ಹಣೆಗೆ ಹಚ್ಚಬೇಡಿ ಅಂತ ಯಾರೂ ಹೇಳಿಲ್ಲ. ಹೊಕ್ಕುಳು ಹಸಿ ಗಾಯ. ಒಣಗೋಕೆ ಬಿಡಬೇಕು. ನನ್ನ ಕೊರಳಲ್ಲೂ ಶಿಲುಬೆ ಇದೆ ಅಜ್ಜಾರೇ, ದಿನಾ ಮುತ್ತು ಕೊಡ್ತೀನಿ. ಆದರೆ ಗಾಯದ ಮೇಲೆ ಇಡಲ್ಲ."

ವಾದದಲ್ಲಿ ಸೋತ ಮುದುಕರು ಮಾಡುವುದನ್ನೇ ನಾನೂ ಮಾಡಿದೆ. ಗಟ್ಟಿಗಳನ್ನು ಒಂದೊಂದಾಗಿ ಮಗುಚಿ ಹಾಕತೊಡಗಿದೆ. ಸಿಸ್ಟರು ಎದ್ದು ಹೋದರು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ದಾಕ್ಷಿಯ ಬಳೆಗಳು ಬಿಗಿಯಾದವು, ಮುಖ ತುಂಬಿಕೊಂಡಿತು. ತವರಿನ ಊಟ ಮೈಗೆ ಹತ್ತಿದೆ ಎಂದು ಕಮಲವ್ವ ಹಿಗ್ಗಿದಳು. ಸಿಸ್ಟರು ಬಂದು ದಾಕ್ಷಿಯ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ನಮ್ಮನ್ನು ಅಂಗಳಕ್ಕೆ ಕರೆದು, "ಬಿಪಿ ಬಹಳ ಏರಿದೆ. ಇದು ಮೈ ತುಂಬಿದ್ದಲ್ಲ, ಬಾವು. ತಲೆ ಸಿಡೀತಿದೆಯಾ, ಕಣ್ಣು ಮಂಜಾಗ್ತಿದೆಯಾ ಅನ್ನೋದು ಅವಳಿಗೆ ಮಾತ್ರ ಗೊತ್ತು. ಫಿಟ್ಸ್ ಬಂದರೆ ತಾಯಿ ಮಗು ಎರಡೂ ಜೀವಕ್ಕೆ ಅಪಾಯ. ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಬೇಕು" ಎಂದರು.

ಕಮಲವ್ವ ಎಮ್ಮೆಯ ಹತ್ತಿರ ಓಡಿ, ಅದರ ಕೊರಳು ಹಿಡಿದು ಗೋಳೋ ಎಂದು ಅತ್ತಳು. "ಯವ್ವಾ, ಎಮ್ಮಿಗೆ ಏನಾಗೈತಿ?" ಎಂದು ದಾಕ್ಷಿ ಗಾಬರಿಯಿಂದ ಹೊರಗೆ ಬಂದಳು. ಅಷ್ಟರಲ್ಲಿ ಬಸಲಿಂಗ ಟೆಂಪೊ ತಂದು ಬಾಗಿಲಿಗೆ ನಿಲ್ಲಿಸಿದ. ನನ್ನ ಸೊಸೆ ಕಣ್ಣೊರೆಸಿಕೊಂಡು ಮಗಳ ಸೀರೆಗಳನ್ನು ಗಂಟು ಕಟ್ಟಿ ತಂದಳು. ಟೆಂಪೊ, ಗಂಟು, ಗಂಡ, ಅಳುವ ತಾಯಿ, ನಾಲ್ಕನ್ನೂ ದಾಕ್ಷಿ ಸೇರಿಸಿ ನೋಡಿದಳು. ಕಥೆ ಕಟ್ಟುವ ಹುಡುಗಿಗೆ ಇಷ್ಟು ಸಾಕು. ಹೆರಿಗೆಗೆ ಮೊದಲೇ ತನ್ನನ್ನು ಅತ್ತೆಯ ಮನೆಗೆ ಸಾಗಹಾಕುತ್ತಿದ್ದಾರೆ ಎಂದುಕೊಂಡಳು.

"ನಾ ಹೋಗೂದಿಲ್ಲ. ಆಯಿ ಕೋಣಿಯೊಳಗ ಹಡೀತೀನಿ ಅಂತ ಆಯಿಗೆ ಮಾತು ಕೊಟ್ಟೀನಿ" ಎಂದು ನೀಲಗಂಗವ್ವನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಬಸಲಿಂಗ ಬಾಗಿಲು ಬಡಿದ. ಕಮಲವ್ವ ಕೂಗಿದಳು. ಒಳಗಿರುವವಳಿಗೆ ಬಡಿತ ಕೇಳಿಸಿತೇ ಹೊರತು ಮಾತು ಕೇಳಿಸಲಿಲ್ಲ. ಬಾಗಿಲು ನಮ್ಮಜ್ಜನ ಕಾಲದ ತೇಗ, ಒಡೆಯುವುದೆಂದರೆ ಹೊತ್ತು ಬೇಕು. ಒಡೆದರೆ ಹುಡುಗಿ ಹೆದರುತ್ತಾಳೆ, ಹೆದರಿಸಬಾರದೆಂದು ಸಿಸ್ಟರು ತಡೆದರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಹೋಗಿ ಒಳಕಲ್ಲಿನ ಮುಂದೆ ಕೂತೆ.

ಮೊದಲು ಬಯಲಾಟದ ದೊಡ್ಡ ದನಿಯಲ್ಲಿ, "ಎಲೈ ಶಿಲೆಯೇ, ಕೇಳುವಂಥವಳಾಗು" ಎಂದೆ. ಬಾಗಿಲಾಚೆ ಸದ್ದಿಲ್ಲ. "ಕಲ್ಲವ್ವಾ, ನಿನ್ನ ಮಾರಿ ಬಾತೈತಿ, ದವಾಖಾನಿಗೆ ನಡಿ" ಎಂದೆ. ಆಗಲೂ ಇಲ್ಲ. ಬಾತದ್ದು ಕಲ್ಲಿನ ಮುಖವಲ್ಲವೆಂದು ನನಗೂ ಗೊತ್ತು, ಕಲ್ಲಿಗೂ ಗೊತ್ತು. ನನ್ನ ಮನಸ್ಸೆಲ್ಲ ಬಾಗಿಲಾಚೆ ಇತ್ತು. ಶಿವನೇ, ನನ್ನ ಕೈಯಲ್ಲಿ ಆಗದು ಎಂದು ತಲೆ ತಗ್ಗಿಸಿದೆ.

ತಲೆ ತಗ್ಗಿಸಿದಾಗ ಕಲ್ಲು ಕಣ್ಣಿಗೆ ಬಿತ್ತು. ದಿನವೂ ವಿಭೂತಿ ಹಚ್ಚಿದ್ದೆನೇ ಹೊರತು ಸರಿಯಾಗಿ ನೋಡಿರಲಿಲ್ಲ. ಹಚ್ಚಿದ್ದರ ಮೇಲೆ ಹಚ್ಚಿ ಹಕ್ಕಳೆಗಟ್ಟಿತ್ತು. ಕುಳಿಯಲ್ಲಿ ಧೂಳು, ಒಂದು ಸತ್ತ ಜೇಡ, ಯಾವಾಗಲೋ ಬಿದ್ದ ಅವಳ ಒಂದು ಒಡಕು ಬಳೆ ಚೂರು. ಅವಳಿದ್ದಾಗ ದಿನವೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನಾನು ಹೆಗಲ ಮೇಲಿನ ವಸ್ತ್ರ ತೆಗೆದು ಒರೆಸತೊಡಗಿದೆ. ಒರೆಸುತ್ತ ಒರೆಸುತ್ತ ಬಾಯಿ ತಾನೇ ಮಾತಾಡಿತು.

"ಅಕಿ ಹೋದಾಗಿಂದ ನಿನ್ನ ಯಾರೂ ಮಾತಾಡಿಸಿಲ್ಲ ಅಲ್ಲ? ಮಂದಿ ಬರ್ತಾರ, ಹೋಗ್ತಾರ. ನಿನಗ ಹೆಂಗ ಐತಿ ಅಂತ ಕೇಳಾಕಿ ಒಬ್ಬಾಕಿ ಇದ್ದಳು. ಹೆಂಗದೀ? ಉಂಡಿ? ನಿದ್ದಿ ಬರ್ತೈತಿ? ತಲಿ ನೋಯ್ತೈತೇನು?"

ಬಾಗಿಲಾಚೆ ಬಳೆಯ ಸದ್ದಾಯಿತು. ಆಮೇಲೆ ಸಣ್ಣ ದನಿಯಲ್ಲಿ, "ಕಲ್ಲಿಗೆ ಮೊನ್ನೆಯಿಂದ ತಲಿ ಸಿಡೀತೈತಿ, ಮುತ್ಯಾ."

ಕಮಲವ್ವ ಬಾಯಿಗೆ ಸೆರಗು ತುರುಕಿಕೊಂಡಳು. ನನ್ನ ಕೊರಳು ತಾನಾಗಿ ಬಾಗಿಲ ಕಡೆ ತಿರುಗಲಿತ್ತು. ಎರಡೂ ಕೈಗಳಿಂದ ಕಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಕಣ್ಣಿಗೇನರ ಆಗ್ತೈತೇನವ್ವಾ?" ಎಂದು ಕಲ್ಲನ್ನೇ ಕೇಳಿದೆ.

"ಮಿಂಚುಹುಳ ಹಾರಿದಂಗ ಕಾಣ್ತೈತಿ. ಕಲ್ಲಿಗೆ ಅಂಜಿಕಿ ಆಗೈತಿ. ಯಾರಿಗೆ ಹೇಳಬೇಕು? ಯಾರೂ ಕೇಳಲೇ ಇಲ್ಲ."

"ಕೇಳಿರ್ತಾರ, ನಿನ್ನ ತನಕ ಬಂದಿಲ್ಲ. ಈಗ ನಾ ಹೇಳೂದು ಕೇಳು ಕಲ್ಲವ್ವಾ. ಇದು ಉಷ್ಣ ಅಲ್ಲ, ಮಜ್ಜಿಗಿ ಕುಡಿದರ ಹೋಗೂದಲ್ಲ. ರಕ್ತದ ಒತ್ತಡ ಏರೈತಿ. ತಲಿ ಸಿಡಿದು, ಕಣ್ಣಾಗ ಮಿಂಚು ಬಂದು, ಮಾರಿ ಕೈ ಬಾತರ ಒಂದು ಗಳಿಗಿನೂ ಮನ್ಯಾಗ ಇರಬಾರದು. ಬಾಗಲಾಗ ನಿಂತ ಟೆಂಪೊ ದೊಡ್ಡ ದವಾಖಾನಿಗೆ ಹೋಗೂದು, ಅತ್ತಿ ಮನಿಗಲ್ಲ."

ಒಳಗಿನಿಂದ, "ಕಲ್ಲು ಆಯಿ ಕೋಣಿಯೊಳಗ ಹಡೀತೀನಿ ಅಂತ ಮಾತು ಕೊಟ್ಟೈತಿ."

ಮಾತು ಕೊಟ್ಟದ್ದು ಸತ್ತವಳಿಗೆ. ನಾನು ಕಲ್ಲಿನ ತಲೆ ಸವರಿದೆ.

"ಕಲ್ಲವ್ವಾ, ನೀ ಅರ ಹೇಳು. ಅಕಿ ಆ ಕೋಣಿಯೊಳಗ ಎಂದು ಕೂತಿದ್ದಳು? ಹೊತ್ತು ಮುಳುಗೂ ತನಕ ನಿನ್ನ ಪಕ್ಕ, ಹೊಸ್ತಿಲಕ್ಕ ಬಂದ ಹುಡಿಗ್ಯಾರ ಸಂಗಾಟ. ಬಸುರಿ ಎಲ್ಲಿ ಇರ್ತಾಳೋ ಅಕಿ ಅಲ್ಲಿ. ಕೋಣಿಯೊಳಗ ಅಕಿ ಗೊರಕಿ ಹೊಡೀತಿದ್ದಳು, ಅಷ್ಟ. ನೀ ದವಾಖಾನಿಗೆ ಹೋದರ ಅಕಿ ಇಲ್ಲಿ ಬರೀ ಕೋಣಿ ಕಾಯ್ಕೋತ ಕೂಡ್ತಾಳಂತ ಮಾಡೀಯೇನು?"

ಒಳಗೆ ಒಂದು ನಗೆ ಹುಟ್ಟಿ, ಅಳುವಾಗಿ, ಮತ್ತೆ ನಗೆಯಾಯಿತು. ಚಿಲಕ ತೆಗೆದ ಸದ್ದಾಯಿತು. ದಾಕ್ಷಿ ಗೋಡೆ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ನಡೆದು ಹೋದಳು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಮುಂದಿನ ಮಾತು ಅವಳಿಗೆ ತಲುಪುತ್ತಿರಲಿಲ್ಲ.

"ಕಲ್ಲಿಗೆ ಒಬ್ಬಾಕಿಗೇ ಹೋಗಾಕ ಅಂಜಿಕಿ, ಮುತ್ಯಾ."

"ಅಂಜಬ್ಯಾಡ ಕಲ್ಲವ್ವಾ. ಮುದುಕ ಟೆಂಪೊದೊಳಗ ಹಿಂದ ಕೂತು ಬರ್ತಾನ."

ಏಳುವಾಗ ನೋಡಿದೆ, ಎಸ್ತರ್ ಸಿಸ್ಟರು ಕಂಬದ ಮರೆಯಲ್ಲಿ ಮೊಬೈಲ್ ಹಿಡಿದು ನಿಂತಿದ್ದರು. ಇನ್ನೊಂದು ಕೈಯಿಂದ ಕಮಲವ್ವನ ರಟ್ಟೆ ಹಿಡಿದಿದ್ದರು. ಆ ವಿಡಿಯೊದಲ್ಲಿ ಕಲ್ಲು ಸ್ವಲ್ಪ ಅಲ್ಲಾಡುವುದು ಅದಕ್ಕೇ.

ದೊಡ್ಡಾಸ್ಪತ್ರೆಯಲ್ಲಿ ದಾಕ್ಷಿಯನ್ನು ಕೂಡಲೇ ಒಳಗೆ ತೆಗೆದುಕೊಂಡು, ಸೂಜಿ ಹಾಕಿ, ಒತ್ತಡ ಇಳಿಸಿದರು. ಮಾತಾಡಿಸಿದರೆ ಬರೀ ನಗುವ ಈ ಹುಡುಗಿಯನ್ನು ಕಂಡು ಡಾಕ್ಟರರು ಗಾಬರಿಯಾದರು. ಸಿಸ್ಟರು ಹೇಗೋ ಸಮಾಧಾನ ಹೇಳಿದರು. ಹೆರಿಗೆ ಬೇಗ ಮಾಡಿಸಬೇಕಾಯಿತು. ಕೂಸು ಸಣ್ಣದು, ಹೆಣ್ಣು, ದನಿ ಮಾತ್ರ ದೊಡ್ಡದು. ಈಗ ತಾಯಿಗೆ ಕೂಸಿನ ಮಾತು ಹೇಳಬೇಕಲ್ಲ. ಒಳಕಲ್ಲು ಊರಿನಲ್ಲಿ ಹೂತಿದೆ. ನಾನು ಅತ್ತಿತ್ತ ನೋಡಿದೆ. ಅವಳ ಮಂಚದ ಆಚೆ ಮೂಲೆಯಲ್ಲಿ ಒಂದು ಖಾಲಿ ಆಕ್ಸಿಜನ್ ಸಿಲಿಂಡರ್ ನಿಂತಿತ್ತು, ಬಣ್ಣ ಹೋಗಿ, ಯಾರಿಗೂ ಬೇಡವಾದ ಮುದುಕನ ಹಾಗೆ. ಅದನ್ನು ಕಂಡು ನನಗೆ ನಿಜವಾಗಿ ಕನಿಕರ ಹುಟ್ಟಿತು. ಪಕ್ಕ ಹೋಗಿ ಕೂತೆ. ಸಿಸ್ಟರು ಮತ್ತೆ ಮೊಬೈಲ್ ಹಿಡಿದರು.

"ಅಣ್ಣಾ, ಹಳದಿ ಹಾಲು ಚೆಲ್ಲಬ್ಯಾಡ, ಅದನ್ನ ಮೊದಲು ಕುಡಿಸು. ಜೇನುತುಪ್ಪ, ಸಕ್ರಿ ನೀರು ಏನೂ ಬ್ಯಾಡ. ಕೂಸಿನ ಎದಿಗೆ ಅವಚಿಕೋ, ನಿನ್ನ ಮೈ ಬಿಸಿನ ಅದಕ್ಕ ಕಂಬಳಿ. ಮೈಗೆ ನೀರು ಎರಿಯಾಕ ಅವಸರ ಮಾಡಬ್ಯಾಡ" ಎಂದೆ. ಒಂದು ಸಲ ಉಸಿರೆಳೆದುಕೊಂಡು, "ಹೊಕ್ಕಳಕ್ಕ ಏನೂ ಹಚ್ಚಬ್ಯಾಡ. ಗುರುಪಾದಪ್ಪನ ವಿಭೂತಿನೂ ಬ್ಯಾಡ. ತಾಯಿ ಹಣಿಗೆ ಹಚ್ಚಿದರ ಸಾಕು, ಶಿವಗ ಅಲ್ಲಿಂದ ಕಾಣ್ತೈತಿ" ಎಂದೆ. ಮಂಚದ ಕಡೆಯಿಂದ, "ಸಿಲಿಂಡರಿಗೆ ತಿಳೀತು, ಮುತ್ಯಾ" ಎಂಬ ದನಿ ಬಂತು. ಬಾಗಿಲಲ್ಲಿದ್ದ ಕಾವಲುಗಾರ ನನ್ನನ್ನು ಬಹಳ ಹೊತ್ತು ನೋಡಿ, ಹೋಗಿ ಚಹಾ ತಂದುಕೊಟ್ಟ. "ಹೆಂಡತಿ ಇಲ್ಲೇನ್ರಿ?" ಎಂದು ಕೇಳಿದ. ಇಲ್ಲ ಎಂದೆ.

ಈಗ ಅಂಗನವಾಡಿಯಲ್ಲಿ ಬಿಳಿ ಕೋಟಿನವಳ ಬದಲು ನಮ್ಮ ಒಳಕಲ್ಲು ಕಾಣುತ್ತದೆ, ಆಮೇಲೆ ಸಿಲಿಂಡರು. ಬಸುರಿಯರು ಮೊಬೈಲಿಗೇ ಉತ್ತರ ಕೊಡುತ್ತಾರೆ. "ಕಲ್ಲಿಗೆ ಕಾಲು ಬಾತಾವ್ರಿ" ಎಂದು ಒಬ್ಬಳೆಂದರೆ ಸಿಸ್ಟರು ಪಟ್ಟಿ ಹಿಡಿದು ಎದ್ದು ಬರುತ್ತಾರೆ. ಕ್ಷೌರದ ರಾಚಪ್ಪನ ಪಾಂಡಿತ್ಯಕ್ಕೆ ಬೆಲೆ ಇಳಿದು, ಅವನು ಮತ್ತೆ ರಾಜಕೀಯಕ್ಕೆ ತಿರುಗಿದ್ದಾನೆ. ಚಹಾದಂಗಡಿಯವರು ನನ್ನನ್ನು ಸಿಲಿಂಡರಣ್ಣ ಎನ್ನುತ್ತಾರೆ. ಬಿಳಿ ಕೋಟಿನವಳು ಡಾಕ್ಟರು, ಗಂಡ ಮಕ್ಕಳೊಂದಿಗೆ ಸುಖವಾಗಿದ್ದಾಳೆ ಎಂದು ಸಿಸ್ಟರು ಎಷ್ಟು ಹೇಳಿದರೂ ದಾಕ್ಷಿ ಒಪ್ಪಿಲ್ಲ. "ಅಕಿ ಮಾರಿ ನೋಡಿದರ ಗೊತ್ತಾಗೂದಿಲ್ಲೇನು?" ಎನ್ನುತ್ತಾಳೆ.

ತೊಟ್ಟಿಲ ದಿನ ತಾಯಿಯ ಹೆಸರು ಹಿಡಿದು ಮೊದಲು ಕರೆಯುವವರು ಮನೆಯ ಹಿರಿಯರು. ಮೊದಲೆಲ್ಲ ನೀಲಗಂಗವ್ವ ಕರೆಯುತ್ತಿದ್ದಳು. ಈ ಸಲ ನಾನು ದಾಕ್ಷಿಯ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು ಕರೆದೆ. ಅವಳು "ಓ" ಎಂದಳು. ಕೂಸಿಗೆ ನೀಲಗಂಗೆ ಎಂದೇ ಹೆಸರಿಟ್ಟರು. ಹೊಕ್ಕುಳು ಚೆನ್ನಾಗಿ ಒಣಗಿತ್ತು, ನಾನೇ ನೋಡಿದೆ. ಅಂದು ಬಂದವರೆಲ್ಲ ನನ್ನ ಹತ್ತಿರ ಬಂದು, ಅಜ್ಜಾರೇ, ಇನ್ನು ದುಃಖ ಬಿಡಬೇಕು, ಆಕೆಯೇ ತಿರುಗಿ ಬಂದಂತಾಯಿತಲ್ಲ ಎಂದು ಹೇಳಿದರೆಂದು ಕಾಣುತ್ತದೆ. ನಾನು ತಲೆ ತೂಗಿದೆ.

ಮರುದಿನ ಮುಂಜಾನೆ ಪೂಜೆ ಮುಗಿಸಿ ಬಂದು ಹೊಸ್ತಿಲ ಹತ್ತಿರ ಕೂತಿದ್ದೆ. ದಾಕ್ಷಿ ಕೂಸನ್ನೆತ್ತಿಕೊಂಡು ಕೋಣೆಯಿಂದ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ನನಗೆ ಬೆನ್ನು ಮಾಡಿ, ಒಳಕಲ್ಲಿನ ಮುಂದೆ ಕಾಲು ಮಡಿಚಿ ಕೂತು, ಅದರ ಮೇಲೆ ಕೈಯಿಟ್ಟಳು.

"ಏನಪಾ, ಹೆಂಗದೀ? ರಾತ್ರಿ ನಿದ್ದಿ ಬಂತೇನು? ಯಾಕ ಊಟ ಸೇರವಲ್ದು?"

ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ನಾನು ಕೆಳಗಿಟ್ಟೆ. ಹೋದ ಶ್ರಾವಣದಿಂದ ಊರೆಲ್ಲ ಹೇಳಿದ ಮಾತುಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಇಲ್ಲವ್ವಾ" ಎಂದೆ. "ಕಲ್ಲಿಗೆ ರಾತ್ರಿ ನಿದ್ದಿ ಬರೂದಿಲ್ಲ."